ಮೈಸೂರು ವಾಸುದೇವಾಚಾರ್ಯ (1865–1961)

ಮೈಸೂರಿನಲ್ಲಿ ಜನಿಸಿದ ಕರ್ನಾಟಕ ಸಂಗೀತದ ವಾಗ್ಗೇಯಕಾರ. ಮೊದಲ ಗುರು ವೀಣೆ ಪದ್ಮನಾಭಯ್ಯ. ಮುಂದೆ ಒಡೆಯರ ಆಶ್ರಯದ ನೆರವಿನಿಂದ ತಿರುವಯ್ಯಾರಿಗೆ ತೆರಳಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿದರು. ಪರಂಪರೆಯ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ: ತ್ಯಾಗರಾಜರು, ಮಾನಂಬುಚಾವಡಿ ವೆಂಕಟಸುಬ್ಬಯ್ಯ, ಪಟ್ನಂ, ವಾಸುದೇವಾಚಾರ್ಯ. ಕದನಕುತೂಹಲ ರಾಗದ ಸೃಷ್ಟಿಗೆ ಹೆಸರಾದವರು ಗುರು ಪಟ್ನಂ, ಶಿಷ್ಯರಲ್ಲ. ಇಲ್ಲಿ ಗೊಂದಲ ಬೇಡ.

ಅಂಕಿತ ‘ವಾಸುದೇವ’. ಕನ್ನಡಿಗರಾದರೂ ಅವರ ಕೃತಿಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಎಷ್ಟು ಜನಪ್ರಿಯವೆಂದರೆ ಅದನ್ನು ತ್ಯಾಗರಾಜರದೆಂದೇ ಭಾವಿಸುವವರಿದ್ದಾರೆ. 1980ರ ‘ಶಂಕರಾಭರಣಂ’ ಚಿತ್ರ ಅದನ್ನು ಸಂಗೀತ ಕಲಿಯದವರ ನಾಲಿಗೆಗೂ ತಂದಿತು.

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಅವರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರ ಸೇರಿ, ರುಕ್ಮಿಣೀದೇವಿ ಅರುಂಡೇಲ್ ಅವರ ರಾಮಾಯಣ ನೃತ್ಯನಾಟಕ ಸರಣಿಗೆ ಸಂಗೀತ ರಚಿಸಿದರು. ಸಾಮಾನ್ಯವಾಗಿ ಕಲಾವಿದರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ನಡೆದ ಈ ಕೆಲಸಕ್ಕೆ ಪಠ್ಯಪುಸ್ತಕಗಳು ಇನ್ನಷ್ಟು ಜಾಗ ಕೊಡಬೇಕಿತ್ತು. ಸರಣಿಯಲ್ಲಿ ಅವರಿಂದ ಆಗದೆ ಉಳಿದ ಭಾಗಗಳನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು.

ಪ್ರಶಸ್ತಿ: ಪದ್ಮಭೂಷಣ, 1959.

ಕನ್ನಡ ಗದ್ಯಕ್ಕೂ ಅವರ ಕೊಡುಗೆ ದೊಡ್ಡದು. ‘ನಾ ಕಂಡ ಕಲಾವಿದರು’ ಸಮಕಾಲೀನ ಸಂಗೀತಗಾರರ ವ್ಯಕ್ತಿಚಿತ್ರಗಳ ಸಂಕಲನ, ‘ನೆನಪುಗಳು’ ಆತ್ಮವೃತ್ತಾಂತ. ಅರಮನೆ ಕಾಲದ ಸಂಗೀತಲೋಕವನ್ನು ಅರಿಯಲು ಮೊದಲು ಓದಬೇಕಾದ ಪುಸ್ತಕಗಳಿವು. ಕೃತಿ–ಕರ್ತೃ ಹೊಂದಿಸಿ ಬರೆಯುವ ಪ್ರಶ್ನೆಗೆ ಈ ಎರಡೂ ಹೆಸರು ನೆನಪಿರಲಿ.