ಬಿಟ್ಟಿದ್ದ ಕೃಷಿ ಹೊಂಡದಲ್ಲಿ ಮತ್ತೆ ಮೀನು: ಮೊದಲು ನೀರು, ಆಮೇಲೆ ಮರಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹೊಲಗಳಲ್ಲಿ ಕೃಷಿ ಹೊಂಡಗಳು ಈಗ ಅಪರೂಪವಲ್ಲ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನೆರವಿನಿಂದ ತೋಡಿದವು ಕೆಲವು, ಸ್ವಂತ ಖರ್ಚಿನಲ್ಲಿ ತೋಡಿದವು ಕೆಲವು. ಒಂದೆರಡು ವರ್ಷ ಮೀನು ಸಾಕಿ, ಆಮೇಲೆ ಮಳೆ ಕೈಕೊಟ್ಟಿತೆಂದೋ, ಮನೆಯ ಹುಡುಗರು ಬೆಂಗಳೂರಿಗೆ ಕೆಲಸಕ್ಕೆ ಹೋದರೆಂದೋ ಹಾಗೆಯೇ ಬಿಟ್ಟ ಹೊಂಡಗಳೂ ಇವೆ. ಅಂತಹ ಹೊಂಡದಲ್ಲಿ ನಾಲ್ಕೈದು ವರ್ಷಗಳ ನಂತರ ಮತ್ತೆ ಮೀನು ಸಾಕಬೇಕೆಂದಿರುವ ರೈತ ಬಾಂಧವರಿಗಾಗಿ ಈ ಲೇಖನ.

ಸಾಮಾನ್ಯವಾಗಿ ಆಗುವುದು ಹೀಗೆ. ಹೊಂಡದಲ್ಲಿ ಬೆಳೆದ ಕಳೆ ಕೀಳಿಸಿ, ಕೊಳವೆ ಬಾವಿಯ ನೀರು ಬಿಟ್ಟು, ಅದೇ ವಾರ ಮರಿ ತಂದು ಹಾಕುತ್ತಾರೆ. "ಹಿಂದೆ ಸಾಕಿದ ಅನುಭವ ಇದೆಯಲ್ಲ" ಎಂಬ ಧೈರ್ಯ. ಕೆಲವೇ ದಿನಗಳಲ್ಲಿ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಮರಿ ಕೆಟ್ಟದ್ದಿತ್ತೆಂದು ಕೊಟ್ಟವರನ್ನು ದೂರುತ್ತಾರೆ. ಬಹಳ ಸಲ ತಪ್ಪು ಮರಿಯದಲ್ಲ, ಹದವಾಗದ ನೀರಿನದು. ಮರಿಗೆ ಕೊಟ್ಟ ಹಣ ಹೋದರೆ ಮತ್ತೆ ಸಂಪಾದಿಸಬಹುದು. ನಮ್ಮ ಬಯಲುಸೀಮೆಯಲ್ಲಿ ಒಮ್ಮೆ ತುಂಬಿದ ಹೊಂಡದ ನೀರು ವ್ಯರ್ಥವಾದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.

ಹೊಸ ನೀರಿನಲ್ಲಿ ಮರಿ ಏಕೆ ಸಾಯುತ್ತದೆ?

ಮೀನಿನ ಹಿಕ್ಕೆ, ತಿಂದು ಉಳಿದ ಮೇವು, ಕೊಳೆತ ಎಲೆ ಇವೆಲ್ಲದರಿಂದ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. ಚೆನ್ನಾಗಿ ನಡೆಯುತ್ತಿರುವ ಹೊಂಡದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಾಣು ಜೀವಿಗಳು ತಳದ ಮಣ್ಣಿನಲ್ಲಿಯೂ ಬದಿಗಳಲ್ಲಿಯೂ ನೆಲೆಸಿರುತ್ತವೆ. ಇವುಗಳಲ್ಲಿ ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಅದೂ ಮೀನಿಗೆ ಹಾನಿಕರವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಆಗಿ ಮಾಡುತ್ತದೆ. ಇದರಿಂದ ವಿಷದ ಅಂಶ ಬಹಳ ಮಟ್ಟಿಗೆ ತಗ್ಗುತ್ತದೆ, ಅಲ್ಲದೆ ನೈಟ್ರೇಟ್ ಹಸಿರು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ.

ವರ್ಷಗಟ್ಟಲೆ ಒಣಗಿದ ಹೊಂಡದಲ್ಲಿ ಈ ಜೀವಿಗಳು ನಶಿಸಿಹೋಗಿರುತ್ತವೆ. ಅವು ಮತ್ತೆ ನೆಲೆಗೊಳ್ಳಲು ವಾರಗಳೇ ಬೇಕು. ಕೊಳವೆ ಬಾವಿಯ ನೀರಾದರೆ ಅದರಲ್ಲಿ ಪಾಚಿ ಇಲ್ಲ, ಕರಗಿದ ಆಮ್ಲಜನಕವೂ ಕಡಿಮೆ. ನೀರು ಕ್ಷಾರವಾಗಿದ್ದು ಬಿಸಿಲೂ ಹೆಚ್ಚಿದ್ದರೆ ಅಮೋನಿಯದ ವಿಷ ಇನ್ನಷ್ಟು ತೀವ್ರವಾಗುತ್ತದೆ. ಹಸಿ ಸಗಣಿ ಪೈರನ್ನು ಸುಡುತ್ತದೆ, ಕಳಿತ ಗೊಬ್ಬರ ಬೆಳೆಸುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ನೀರಿನ ಮಾತೂ ಇದೇ.

ಪಟ್ಟಣಗಳಲ್ಲಿ ಸಮುದ್ರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸಿಗಳಿದ್ದಾರೆ. ಅವರೂ ಉಪ್ಪುನೀರು ತುಂಬಿದ ತೊಟ್ಟಿಯನ್ನು ನಾಲ್ಕರಿಂದ ಆರು ವಾರ ಮೀನಿಲ್ಲದೆ ನಡೆಸಿ, ಅಮೋನಿಯ ಇಳಿದುದನ್ನು ಪರೀಕ್ಷಿಸಿದ ಮೇಲೆಯೇ ಮೊದಲ ಮೀನು ಬಿಡುತ್ತಾರೆ. ತೊಟ್ಟಿಯಾಗಲಿ ಹೊಂಡವಾಗಲಿ, ನಿಯಮ ಒಂದೇ.

ಹೊಂಡದ ಸಿದ್ಧತೆ

ಇಲ್ಲಿ ಕೊಟ್ಟಿರುವ ಪ್ರಮಾಣಗಳು 21 ಮೀಟರ್ ಉದ್ದ, 21 ಮೀಟರ್ ಅಗಲದ, ಎಂದರೆ ಸುಮಾರು ನಾಲ್ಕು ಗುಂಟೆ ವಿಸ್ತಾರದ ಹೊಂಡಕ್ಕೆ. ನಿಮ್ಮ ಹೊಂಡ ಚಿಕ್ಕದಾದರೆ ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಳ್ಳಿರಿ.

1. ಮಾರ್ಚ್-ಏಪ್ರಿಲ್‌ನಲ್ಲಿ ಹೊಂಡವನ್ನು ಪೂರ್ತಿ ಬರಿದು ಮಾಡಿ, ಕಳೆ ಮತ್ತು ಕೊಳೆತ ಕಪ್ಪು ಕೆಸರನ್ನು ತೆಗೆದು, ಬಿಸಿಲಿಗೆ ಒಣಗಲು ಬಿಡಬೇಕು. ತೆಗೆದ ಕೆಸರು ಹಿಪ್ಪುನೇರಳೆ ತೋಟಕ್ಕೆ ಒಳ್ಳೆಯ ಗೊಬ್ಬರ.

2. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡವಾದರೆ, ನೀರಿನ ಮಟ್ಟದಿಂದ ಮೇಲಿನ ಭಾಗವನ್ನು ಮುಖ್ಯವಾಗಿ ನೋಡಬೇಕು. ಹಾಳೆ ಮೊದಲು ಬಿರಿಯುವುದು ಬಿಸಿಲು ತಾಗುವ ಆ ಜಾಗದಲ್ಲಿ. ತೂತುಗಳಿಗೆ ತೇಪೆ ಹಾಕಿಸಿ, ತಳದಲ್ಲಿ ಕಲ್ಲಿಲ್ಲದ ಮಣ್ಣನ್ನು ನಾಲ್ಕರಿಂದ ಆರು ಅಂಗುಲ ಹರಡಬೇಕು. ಬರಿಯ ಹಾಳೆಯ ಮೇಲೆ ತಳದ ಮೀನಿಗೆ ಆಹಾರ ಹುಟ್ಟುವುದಿಲ್ಲ.

3. ಪೂರ್ತಿ ಬರಿದು ಮಾಡಲಾಗದ ಹೊಂಡದಲ್ಲಿ ಕೊರವ, ಜಿಲೇಬಿ ಮೊದಲಾದ ಬೇಡದ ಮೀನುಗಳು ಇದ್ದೇ ಇರುತ್ತವೆ. ಒಂದು ಮೀಟರ್ ನೀರಿದ್ದಾಗ 100 ಕಿ.ಗ್ರಾಂ. ಹಿಪ್ಪೆ ಹಿಂಡಿಯನ್ನು ನೆನೆಸಿ, ಕದಡಿ, ಎಲ್ಲ ಕಡೆಗೂ ಎರಚಿದರೆ ಅವು ಸಾಯುತ್ತವೆ. ನೀರು ಕಡಿಮೆ ಇದ್ದರೆ ಹಿಂಡಿಯೂ ಅಷ್ಟೇ ಕಡಿಮೆ ಸಾಕು. ಇದರ ವಿಷ ಇಳಿಯಲು ಸುಮಾರು ಮೂರು ವಾರ ಬೇಕು. ಆಮೇಲೆ ಅದೇ ಗೊಬ್ಬರವಾಗುತ್ತದೆ.

4. ಮಣ್ಣು-ನೀರಿನ ರಸಸಾರ ಪರೀಕ್ಷೆ ಮಾಡಿಸಿ. ರಸಸಾರ 7ರ ಆಸುಪಾಸಿನಲ್ಲಿದ್ದರೆ 10 ಕಿ.ಗ್ರಾಂ. ಕೃಷಿ ಸುಣ್ಣ ಎರಚಿ. 8ಕ್ಕಿಂತ ಹೆಚ್ಚಿದ್ದರೆ ಸುಣ್ಣ ಬೇಡ.

5. ಸುಣ್ಣ ಹಾಕಿದ ಒಂದು ವಾರದ ನಂತರ 100 ಕಿ.ಗ್ರಾಂ. ಸಗಣಿಯನ್ನು ನೀರಿನಲ್ಲಿ ಕದಡಿ ಹಾಕಬೇಕು. ಹಿಪ್ಪೆ ಹಿಂಡಿ ಹಾಕಿದ್ದರೆ ಇದರ ಅರ್ಧ ಸಾಕು. ಸುಣ್ಣ, ಸಗಣಿ ಎರಡನ್ನೂ ಒಂದೇ ದಿನ ಹಾಕಬಾರದು. ಹಾಕಿದರೆ ಸಾರಜನಕ ಅಮೋನಿಯವಾಗಿ ಹೊರಬೀಳುತ್ತದೆ.

6. ಹಾಲಿಗೆ ಹೆಪ್ಪು ಹಾಕುವಂತೆ, ಮೀನು ಆರೋಗ್ಯವಾಗಿರುವ ಪಕ್ಕದ ಹೊಂಡದಿಂದ ಹತ್ತಾರು ಬಿಂದಿಗೆ ಹಸಿರು ನೀರನ್ನು ಬಟ್ಟೆಯಲ್ಲಿ ಸೋಸಿ ತಂದು ಹಾಕಿದರೆ ನೀರು ಬೇಗ ಹದಕ್ಕೆ ಬರುತ್ತದೆ. ರೋಗ ಕಂಡ ಹೊಂಡದ ನೀರು ಮಾತ್ರ ಬೇಡ.

ನೀರು ಹದವಾಯಿತೆಂದು ತಿಳಿಯುವುದು ಹೇಗೆ?

ಸಗಣಿ ಹಾಕಿದ ಹತ್ತು-ಹದಿನೈದು ದಿನಗಳಲ್ಲಿ ನೀರು ತಿಳಿ ಹಸಿರಾಗಬೇಕು. ಬಿಸಿಲಿರುವಾಗ ನೀರಿನಲ್ಲಿ ಕೈಯನ್ನು ಮೊಣಕೈವರೆಗೆ ನೇರವಾಗಿ ಇಳಿಸಿ ನೋಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಂತಾದರೆ ನೀರು ಹದವಾಗಿದೆ. ಅಂಗೈ ಸ್ಪಷ್ಟವಾಗಿ ಕಂಡರೆ ಇನ್ನಷ್ಟು ಸಗಣಿ ಬೇಕು. ಮಣಿಕಟ್ಟು ಮುಳುಗುತ್ತಲೇ ಅಂಗೈ ಮರೆಯಾದರೆ ಗೊಬ್ಬರ ಹೆಚ್ಚಾಗಿದೆ, ಹೊಸ ನೀರು ಬಿಡಬೇಕು.

ಇಷ್ಟಾದರೂ ಎಲ್ಲ ಮರಿಗಳನ್ನು ಒಮ್ಮೆಗೇ ತರಬೇಡಿ. ಹಳೆಯ ಸೊಳ್ಳೆ ಪರದೆಯನ್ನು ಚೀಲದಂತೆ ಹೊಲಿದು, ನಾಲ್ಕು ಗೂಟಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ಹತ್ತು ಮರಿಗಳನ್ನು ಎರಡು ದಿನ ಅದರಲ್ಲಿಟ್ಟು ನೋಡಿ. ಹತ್ತೂ ಚುರುಕಾಗಿದ್ದರೆ ಉಳಿದವನ್ನು ತರಬಹುದು. ಎರಡು ಮೂರು ಸತ್ತರೆ ಇನ್ನೊಂದು ವಾರ ಕಾಯಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಯಾವ ಮರಿ? ಎಷ್ಟು? ಯಾವಾಗ?

ಕಾಟ್ಲಾ ಮೇಲ್ಮಟ್ಟದಲ್ಲಿ, ರೋಹು ನಡುಮಟ್ಟದಲ್ಲಿ, ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ನಾಲ್ಕು ಗುಂಟೆಗೆ 200 ಮರಿ ಸಾಕು: ಕಾಟ್ಲಾ 60, ರೋಹು 60, ಸಾಮಾನ್ಯ ಗೆಂಡೆ 80. ಹೊಂಡದ ನೀರು ಹೆಚ್ಚು ತಿಂಗಳು ನಿಲ್ಲದಿದ್ದರೆ ನಾಲ್ಕು ಅಂಗುಲದ ದೊಡ್ಡ ಮರಿಗಳನ್ನೇ ಕೇಳಿ ಪಡೆಯಬೇಕು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಗೆಂಡೆ ಮೀನುಗಳನ್ನು ಮರಿ ಮಾಡಿಸುವ ವಿಧಾನದಲ್ಲಿ ಯಶಸ್ವಿಯಾದರು. ಅಲ್ಲಿಂದೀಚೆಗೆ ಮರಿ ಕೇಂದ್ರಗಳಿಂದ ಮರಿ ಪಡೆಯುವುದು ಸುಲಭವಾಗಿದೆ. ಬೇಗ ಬೆಳೆಯುತ್ತದೆಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಅದರ ಸಾಕಣೆ 2000ದಿಂದ ನಮ್ಮ ದೇಶದಲ್ಲಿ ನಿಷಿದ್ಧ.

ಕೆರೆ, ನಾಲೆಯ ನೀರಿನ ಅನುಕೂಲವಿರುವ ಯಳಂದೂರು ಮತ್ತು ಕೊಳ್ಳೇಗಾಲದ ಭಾಗಗಳಲ್ಲಿ ಜುಲೈ-ಆಗಸ್ಟ್‌ನಲ್ಲಿಯೇ ಮರಿ ಬಿಡಬಹುದು. ಮಳೆಯನ್ನೇ ನಂಬಿದ ಹನೂರಿನ ಕಡೆ ಹೊಂಡ ತುಂಬುವುದು ಹೆಚ್ಚಾಗಿ ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ. ಅಲ್ಲಿ ನೀರು ಹದ ಮಾಡಿ ನವೆಂಬರ್ ಮೊದಲ ವಾರದೊಳಗೆ ಮರಿ ಬಿಟ್ಟು, ಏಪ್ರಿಲ್-ಮೇ ತಿಂಗಳಲ್ಲಿ ಹಿಡಿಯಬೇಕು. ಆದ್ದರಿಂದ ಮರಿ ಬೇಕೆಂದು ಮುಂಚಿತವಾಗಿಯೇ ತಿಳಿಸಿಡಿ. ಹನಿ ನೀರಾವರಿಗೆ ಎಷ್ಟೇ ನೀರು ಎತ್ತಿದರೂ ಹೊಂಡದಲ್ಲಿ ಒಂದು ಮೀಟರ್ ನೀರು ಉಳಿಯಲೇಬೇಕು.

ಮರಿಗಳನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಬಿಡಬೇಕು. ಮರಿಯ ಚೀಲವನ್ನು ಇಪ್ಪತ್ತು ನಿಮಿಷ ಹೊಂಡದ ನೀರಿನ ಮೇಲೆ ತೇಲಿಬಿಟ್ಟು, ಬಾಯಿ ಬಿಚ್ಚಿ, ಸ್ವಲ್ಪ ಸ್ವಲ್ಪವಾಗಿ ಹೊಂಡದ ನೀರು ಸೇರಿಸಿ. ಮರಿಗಳು ತಾವಾಗಿಯೇ ಈಜಿ ಹೊರಬರಲಿ.

ಮೇವು

ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೊಡಬೇಕು. ಹತ್ತು ಗ್ರಾಂ ತೂಕದ 200 ಮರಿಗಳಿಗೆ ದಿನಕ್ಕೆ 100 ಗ್ರಾಂ ಮೇವು ಸಾಕು. ಮೀನು 200 ಗ್ರಾಂ ತೂಗುವ ಹೊತ್ತಿಗೆ ಮುಕ್ಕಾಲು ಕಿಲೋ ಬೇಕಾದೀತು. ಉಳಿದ ಮೇವು ಮತ್ತೆ ಅಮೋನಿಯವಾಗುತ್ತದೆ ಎಂಬುದನ್ನು ಮರೆಯಬಾರದು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ ಎಂದು ತಿಳಿಯಿರಿ. ಆ ದಿನ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ, ಪಂಪಿನಿಂದ ನೀರನ್ನು ಎತ್ತರದಿಂದ ಚಿಮ್ಮಿಸಬೇಕು.

ರೇಷ್ಮೆ ಬೆಳೆಗಾರರಿಗೆ ಒಂದು ಮಾತು

ಹುಳು ಸಾಕುವ ಮನೆಯನ್ನು ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಮುಂತಾದವುಗಳಿಂದ ತೊಳೆದ ನೀರು ಹೊಂಡದ ಕಡೆ ಹರಿಯಬಾರದು. ಅದು ಮೀನನ್ನೂ, ನೀವು ವಾರಗಟ್ಟಲೆ ಕಾಯ್ದು ಬೆಳೆಸಿದ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಔಷಧಿ ಹೊಡೆದ ಸ್ಪ್ರೇಯರನ್ನು ಹೊಂಡದಲ್ಲಿ ತೊಳೆಯಬೇಡಿ. ಪೈರಿಥ್ರಾಯ್ಡ್ ಜಾತಿಯ ಕೀಟನಾಶಕಗಳು ಅತಿ ಕಡಿಮೆ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ನೂಲು ತೆಗೆದ ಮೇಲೆ ಉಳಿಯುವ ಪ್ಯೂಪ ಮಾತ್ರ ಒಳ್ಳೆಯ ಮೇವು. ಅದನ್ನು ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಹಿಂಡಿಯ ಜೊತೆ ಸ್ವಲ್ಪವಾಗಿ ಬೆರೆಸಿ ಕೊಡಬಹುದು.

ಮಕ್ಕಳ ಕ್ಷೇಮ

ಹಾಳೆ ಹಾಸಿದ ಹೊಂಡದ ಬದಿಗಳಲ್ಲಿ ಪಾಚಿ ಕಟ್ಟಿದರೆ, ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ನೀರು ತುಂಬುವ ಮೊದಲೇ ಸುತ್ತ ಬೇಲಿ ಹಾಕಿ. ನಾಲ್ಕೂ ಬದಿಗಳಲ್ಲಿ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಿ. ಗಾಳಿ ತುಂಬಿದ ಟ್ಯೂಬೊಂದು ಸದಾ ನೀರಿನ ಮೇಲೆ ತೇಲುತ್ತಿರಲಿ. ಈ ಖರ್ಚನ್ನು ಯಾರೂ ಉಳಿಸಬಾರದು.

ಕೊನೆಯದಾಗಿ

200 ಮರಿಗಳಲ್ಲಿ 150 ಉಳಿದು, ಒಂದೊಂದು ಅರ್ಧ ಕಿಲೋ ಬಂದರೆ 75 ಕಿಲೋ ಮೀನು ಸಿಗುತ್ತದೆ. ಮನೆಗೂ ಆಯಿತು, ಸಂತೆಗೂ ಆಯಿತು. ಅದೇ ನೀರು ತೋಟಕ್ಕೆ ಹರಿದರೆ ಬೆಳೆಗೂ ಸಾರ. ಮೊದಲ ವರ್ಷ ಇಷ್ಟಕ್ಕೇ ತೃಪ್ತರಾಗಿ, ಹೊಂಡದ ಗುಣ ಅರಿತ ಮೇಲೆ ಮರಿಗಳ ಸಂಖ್ಯೆ ಹೆಚ್ಚಿಸುವ ಯೋಚನೆ ಮಾಡಿರಿ. ಮರಿಗಾಗಿ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೂ, ಮಣ್ಣು-ನೀರಿನ ಪರೀಕ್ಷೆ ಮತ್ತು ಸಲಹೆಗಾಗಿ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು. ಮರಿ ತರುವ ದಿನ ಗೊತ್ತುಮಾಡುವ ಮೊದಲು ಒಮ್ಮೆ ನೀರಿನಲ್ಲಿ ಕೈಯಿಟ್ಟು ನೋಡುವುದನ್ನು ಮಾತ್ರ ಮರೆಯಬೇಡಿ.