ಒತ್ತುಗುಂಡಿಯ ಎರಡು ತಂತಿಗಳು

ಮನುಷ್ಯನು ನಿರ್ಮಿಸಿದ ಯಂತ್ರಗಳೆಲ್ಲವೂ ಅನೇಕ ಬಿಡಿಭಾಗಗಳ ಕೂಟಗಳು. ಆ ಭಾಗಗಳು ಒಂದಕ್ಕೊಂದು ಹೊಂದಿಕೊಂಡರೆ ಮಾತ್ರ ಯಂತ್ರವು ನಡೆಯುತ್ತದೆ. ಹೊಂದಿಕೆ ತಪ್ಪಿದರೆ, ಕೋಟ್ಯಂತರ ಲೆಕ್ಕಗಳನ್ನು ಕ್ಷಣಾರ್ಧದಲ್ಲಿ ಮಾಡಬಲ್ಲ ಗಣಕಯಂತ್ರವೂ ಒಂದು ಸಾಮಾನ್ಯ ಒತ್ತುಗುಂಡಿಯ ಮುಂದೆ ಮೂಕವಾಗಿ ಕುಳಿತುಬಿಡುತ್ತದೆ.

ಬಿಡಿಭಾಗಗಳಿಗೆ ಸರ್ವಸಮ್ಮತವಾದ ಅಳತೆಯೊಂದು ಇರಬೇಕೆಂಬ ವಿಚಾರವು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ತಮತಮಗೆ ತೋಚಿದಂತೆ ತಿರುಪುಮೊಳೆಗಳನ್ನು ತಯಾರಿಸುತ್ತಿದ್ದವು. ಒಂದು ಕಾರ್ಖಾನೆಯ ತಿರುಪು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರನು ಹಲವು ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಹೋಲಿಸಿ ನೋಡಿ, 1841ರಲ್ಲಿ ಏಕರೂಪದ ಅಳತೆಯನ್ನು ಸೂಚಿಸಿದನು. ಹೀಗೆ ಎಲ್ಲರೂ ಒಪ್ಪಿ ನಡೆಯುವ ಅಳತೆಗೆ ‘ಮಾನಕ’ವೆಂದು ಹೆಸರು. ಗಣಕಯಂತ್ರದ ಒತ್ತುಗುಂಡಿಯ ಕಥೆಯೂ ಇಂತಹ ಮಾನಕವೊಂದರ ಕಥೆಯೇ ಆಗಿದೆ.

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನ ಬಲಪಕ್ಕದಲ್ಲಿ ಕೆಂಪುಬಣ್ಣದ ದೊಡ್ಡ ಸ್ವಿಚ್ಚೊಂದಿತ್ತು. ಗೋಡೆಯಿಂದ ಬರುವ ವಿದ್ಯುತ್ತನ್ನೇ ಅದು ನೇರವಾಗಿ ಹರಿಸುತ್ತಿತ್ತು, ಇಲ್ಲವೇ ತಡೆಯುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಮಾನಕವನ್ನು ಪ್ರಕಟಿಸಿತು. ಈ ವ್ಯವಸ್ಥೆಯಲ್ಲಿ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿರುವವರೆಗೂ 5 ವೋಲ್ಟಿನ ಅಲ್ಪ ವಿದ್ಯುತ್ತು ಮದರ್‌ಬೋರ್ಡಿಗೆ ದೊರೆಯುತ್ತಲೇ ಇರುತ್ತದೆ. ಗುಂಡಿಯನ್ನು ಒತ್ತಿದಾಗ ಎರಡು ಪಿನ್ನುಗಳು ಕ್ಷಣಕಾಲ ಕೂಡುತ್ತವೆ. ಮದರ್‌ಬೋರ್ಡು ಅದನ್ನು ಗ್ರಹಿಸಿ, ವಿದ್ಯುತ್ ಪೂರೈಕೆಯ ಘಟಕಕ್ಕೆ ಎಚ್ಚರಗೊಳ್ಳುವಂತೆ ಆಜ್ಞೆಯನ್ನು ಕಳುಹಿಸುತ್ತದೆ. ಹಳೆಯ ಸ್ವಿಚ್ಚು ಕೆರೆಯ ತೂಬಿನಂತೆ. ಅದು ಪ್ರವಾಹವನ್ನೇ ತೆರೆದು ಮುಚ್ಚುತ್ತದೆ. ಹೊಸ ಗುಂಡಿಯಾದರೋ ಮನೆಯ ಕರೆಗಂಟೆಯಂತೆ. ಅದು ಒಳಗಿನವರಿಗೆ ಸುದ್ದಿಯನ್ನು ಮಾತ್ರ ಮುಟ್ಟಿಸುತ್ತದೆ.

ಇಂದಿನ ಬಹುಪಾಲು ಮದರ್‌ಬೋರ್ಡುಗಳ ಅಂಚಿನಲ್ಲಿ ಒಂಬತ್ತು ಪಿನ್ನುಗಳ ಗುಂಪೊಂದು ಕಾಣುತ್ತದೆ. ಎರಡು ಸಾಲುಗಳಲ್ಲಿ ಐದೈದರಂತೆ ಹತ್ತು ಸ್ಥಾನಗಳಿದ್ದು, ಹತ್ತನೆಯದು ಬರಿದಾಗಿರುತ್ತದೆ. ಒಂದು ಪಿನ್ನಿಗೂ ಪಕ್ಕದ ಪಿನ್ನಿಗೂ ನಡುವಣ ಅಂತರ 2.54 ಮಿಲಿಮೀಟರ್. ಇವುಗಳಲ್ಲಿ 6 ಮತ್ತು 8ನೆಯ ಪಿನ್ನುಗಳು ಒತ್ತುಗುಂಡಿಗೆ ಮೀಸಲು. 6ನೆಯದು ಸೂಚನೆಯ ಪಿನ್ನು, 8ನೆಯದು ‘ಭೂ’ ಪಿನ್ನು. 2 ಮತ್ತು 4ನೆಯವು ಗಣಕವು ಚಾಲನೆಯಲ್ಲಿರುವುದನ್ನು ತೋರಿಸುವ ಎಲ್‌ಇಡಿ ದೀಪಕ್ಕೆ ಸೇರಿದವು. ಆದರೂ ಬೋರ್ಡಿನೊಡನೆ ಬರುವ ಕೈಪಿಡಿಯನ್ನು ನೋಡಿ ಇದನ್ನು ಖಚಿತಪಡಿಸಿಕೊಳ್ಳುವುದು ಲೇಸು.

ಆದರೆ ಕೆಲವು ದೊಡ್ಡ ಕಂಪನಿಗಳು ಗಣಕದ ಪೆಟ್ಟಿಗೆಯನ್ನೂ ಬೋರ್ಡನ್ನೂ ತಾವೇ ತಯಾರಿಸುತ್ತವೆ. ಅವು ಗುಂಡಿ, ದೀಪ ಮೊದಲಾದವುಗಳ ತಂತಿಗಳನ್ನೆಲ್ಲ ಒಟ್ಟುಗೂಡಿಸಿ ತಮ್ಮದೇ ಆಕಾರದ ಒಂದು ಜೋಡಕಕ್ಕೆ ಸೇರಿಸುತ್ತವೆ. ಜೋಡಣೆಯ ಕೆಲಸವು ಇದರಿಂದ ಶೀಘ್ರವಾಗುತ್ತದೆ, ನಿಜ. ಆದರೆ ಕೆಲವು ವರ್ಷಗಳ ತರುವಾಯ ಬೋರ್ಡು ಕೆಟ್ಟಾಗ ತೊಡಕು ತಲೆದೋರುತ್ತದೆ. ಗಟ್ಟಿಮುಟ್ಟಾದ ಉಕ್ಕಿನ ಪೆಟ್ಟಿಗೆಯೊಳಗೆ ಹೊಸ ಬೋರ್ಡನ್ನು ಕೂರಿಸಬಹುದಾಗಿದ್ದರೂ ಆ ಜೋಡಕವು ಹೊಸ ಬೋರ್ಡಿನ ಪಿನ್ನುಗಳಿಗೆ ಹೊಂದುವುದಿಲ್ಲ. ಪೆಟ್ಟಿಗೆಯನ್ನು ಗುಜರಿಗೆ ಹಾಕುವುದೇ ದಾರಿಯೆಂದು ಹಲವರು ಭಾವಿಸುತ್ತಾರೆ.

ಆದರೆ ಜೋಡಕದ ಆಕಾರವು ಎಷ್ಟೇ ವಿಚಿತ್ರವಾಗಿರಲಿ, ಅದರ ಹಿಂದಿರುವ ಗುಂಡಿಯು ಎರಡು ತಂತಿಗಳನ್ನು ಕೂಡಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಎರಡು ತಂತಿಗಳನ್ನು ಗುರುತಿಸಿದರೆ ತೊಡಕು ಬಹುಮಟ್ಟಿಗೆ ಬಿಡಿಸಿದಂತೆಯೇ. ತಂತಿಯ ಬಣ್ಣವನ್ನು ನಂಬಿ ಊಹಿಸುವುದು ಸಲ್ಲದು. ಬಣ್ಣಗಳಿಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಜೋಡಕವನ್ನು ಬೋರ್ಡಿನಿಂದ ಬೇರ್ಪಡಿಸಿ, ಮಲ್ಟಿಮೀಟರಿನಿಂದ ಅಳೆಯಬೇಕು. ಯಾವ ಎರಡು ತಂತಿಗಳ ನಡುವಣ ರೋಧವು ಗುಂಡಿಯನ್ನು ಒತ್ತಿದಾಗ ಸೊನ್ನೆಯ ಸಮೀಪಕ್ಕೆ ಇಳಿದು, ಬಿಟ್ಟೊಡನೆ ಅಳತೆಗೆ ಸಿಗದಷ್ಟು ಏರುವುದೋ ಅವೇ ನಾವು ಅರಸುವ ತಂತಿಗಳು.

ಇಲ್ಲಿಯೂ ವಿವೇಚನೆಯು ಶ್ರಮವನ್ನು ಉಳಿಸುತ್ತದೆ. ಜೋಡಕದಲ್ಲಿ ಹತ್ತು ತಂತಿಗಳಿದ್ದರೆ ಎರಡೆರಡರಂತೆ 45 ಜೋಡಿಗಳಾಗುತ್ತವೆ. ಅವೆಲ್ಲವನ್ನೂ ಪರೀಕ್ಷಿಸುವ ಬದಲು ಗುಂಡಿಯ ಬುಡದಲ್ಲಿರುವ ಬೆಸುಗೆಯ ಕಾಲುಗಳಿಂದಲೇ ಆರಂಭಿಸಬಹುದು. ಮೀಟರಿನ ಒಂದು ಮೊನೆಯನ್ನು ಒಂದು ಕಾಲಿಗೆ ಮುಟ್ಟಿಸಿ, ಇನ್ನೊಂದನ್ನು ಹತ್ತು ತಂತಿಗಳಿಗೂ ಮುಟ್ಟಿಸುತ್ತ ಹೋಗಬೇಕು. ಬಳಿಕ ಎದುರು ಬದಿಯ ಕಾಲಿಗೂ ಹಾಗೆಯೇ ಮಾಡಬೇಕು. ಹೆಚ್ಚೆಂದರೆ ಇಪ್ಪತ್ತು ಸ್ಪರ್ಶಗಳಲ್ಲಿ ಕೆಲಸವು ಮುಗಿಯುತ್ತದೆ.

ಒತ್ತುಗುಂಡಿಗೆ ಧನ, ಋಣವೆಂಬ ಭೇದವಿಲ್ಲ. ಅದರ ತಂತಿಗಳು ಸ್ವತಂತ್ರವಾಗಿದ್ದರೆ ಹೇಗೆ ಕೂಡಿಸಿದರೂ ನಡೆಯುತ್ತದೆ. ಆದರೆ ಎಲ್‌ಇಡಿ ದೀಪವು ಒಂದೇ ದಿಕ್ಕಿನಲ್ಲಿ ಬೆಳಗುವುದರಿಂದ ಅದರ ಧನಾಗ್ರವನ್ನು 2ನೆಯ ಪಿನ್ನಿಗೂ ಋಣಾಗ್ರವನ್ನು 4ನೆಯದಕ್ಕೂ ಸೇರಿಸಬೇಕು. ಕೆಲವೊಮ್ಮೆ ಗುಂಡಿಯೂ ದೀಪವೂ ಒಂದು ತಂತಿಯನ್ನು ಹಂಚಿಕೊಂಡಿರುತ್ತವೆ. ಆಗ ಹಂಚಿಕೆಯ ತಂತಿಯನ್ನು ಭೂ ಪಿನ್ನಾದ 8ಕ್ಕೆ ಸೇರಿಸಿ, ದೀಪಕ್ಕೆ ಬೇರೆ ದಾರಿಯನ್ನು ಕಲ್ಪಿಸುವವರೆಗೆ ಅದರ ಉಳಿದ ತಂತಿಯನ್ನು ಯಾವುದಕ್ಕೂ ಕೂಡಿಸದೆ ಬಿಡುವುದು ಉಚಿತ. ದೀಪವಿಲ್ಲದಿದ್ದರೂ ಗಣಕವು ನಡೆಯುತ್ತದೆ. ತಪ್ಪು ಜೋಡಣೆಯಿಂದ ಬೋರ್ಡಿಗೇ ಅಪಾಯವುಂಟು. ಗುರುತು ಸಿಗದ ತಂತಿಗಳನ್ನು ಪಿನ್ನುಗಳಿಗೆ ಸೇರಿಸಬಾರದು. ಅವುಗಳ ತುದಿಗಳಿಗೆ ಅವಾಹಕ ಪಟ್ಟಿಯನ್ನು ಸುತ್ತಿಡಬೇಕು.

ಮತ್ತೆರಡು ಎಚ್ಚರಿಕೆಗಳು ಅವಶ್ಯ. ಒತ್ತಿದರೆ ಒತ್ತಿದಲ್ಲಿಯೇ ನಿಲ್ಲುವ ಸ್ವಿಚ್ಚು ಈ ಕೆಲಸಕ್ಕೆ ಸಲ್ಲದು. ಎರಡು ಪಿನ್ನುಗಳು ನಾಲ್ಕು ಸೆಕೆಂಡುಗಳಿಗೂ ಹೆಚ್ಚು ಕಾಲ ಕೂಡಿಕೊಂಡೇ ಇದ್ದರೆ ಗಣಕವು ಸಾಮಾನ್ಯವಾಗಿ ತಾನಾಗಿಯೇ ಆರಿಹೋಗುತ್ತದೆ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. 1995ಕ್ಕೂ ಹಿಂದಿನ ಮಾದರಿಯ ಪೆಟ್ಟಿಗೆಗಳ ಸ್ವಿಚ್ಚಿನಲ್ಲಿ ಗೋಡೆಯ ವಿದ್ಯುತ್ತೇ, ಅಂದರೆ ನಮ್ಮ ದೇಶದಲ್ಲಿ 230 ವೋಲ್ಟು, ಹರಿಯುತ್ತದೆ. ಆ ದಪ್ಪ ತಂತಿಗಳನ್ನು ಬೋರ್ಡಿಗೆ ಎಂದಿಗೂ ಸೇರಿಸಕೂಡದು. ಅಳೆಯುವಾಗಲೂ ಜೋಡಿಸುವಾಗಲೂ ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕು. ವಿದ್ಯುತ್ ಪೂರೈಕೆಯ ಘಟಕವನ್ನಂತೂ ಬಿಚ್ಚಲೇಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಶ್ರಮವೇಕೆ ಎಂಬ ಪ್ರಶ್ನೆಯು ಏಳಬಹುದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ತ್ಯಾಜ್ಯವು ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಪುನರ್ಬಳಕೆಗೆ ಸಂಸ್ಕರಣಗೊಂಡದ್ದೆಂದು ದಾಖಲಾದುದು ಶೇಕಡ 22.3 ಮಾತ್ರ. ಕೆಟ್ಟುಹೋದ ವಸ್ತುವನ್ನು ಎಸೆಯುವುದು ಒಂದು ಮಾತು. ಕೆಡದಿರುವ ವಸ್ತುವನ್ನು ಹೊಂದಿಕೆಯಿಲ್ಲವೆಂಬ ಒಂದೇ ಕಾರಣಕ್ಕೆ ಎಸೆಯುವುದು ಇನ್ನೊಂದು. ಎರಡನೆಯದನ್ನು ತಡೆಯುವ ಶಕ್ತಿಯು ಮಲ್ಟಿಮೀಟರನ್ನು ಹಿಡಿಯಬಲ್ಲ ಯಾವ ವಿದ್ಯಾರ್ಥಿಗೂ ಇದೆ.

ಜೋಡಣೆಯು ಮುಗಿದ ಮೇಲೆ ಒಂದು ಕರ್ತವ್ಯವು ಉಳಿಯುತ್ತದೆ. ಯಾವ ತಂತಿಯು ಯಾವ ಪಿನ್ನಿಗೆ ಹೋಗಿದೆಯೆಂಬುದನ್ನು ಒಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಬೇಕು. ಮುಂದೆ ಆ ಪೆಟ್ಟಿಗೆಯನ್ನು ತೆರೆಯುವವರು ಯಾರೋ ನಾವರಿಯೆವು. ಆದರೆ ಅವರು ಮತ್ತೆ ಮೊದಲಿನಿಂದ ಅಳೆಯಬೇಕಾಗುವುದಿಲ್ಲ. ವಿಟ್‌ವರ್ತನು ತಿರುಪುಗಳ ಅಳತೆಯನ್ನು ಗೊತ್ತುಪಡಿಸಿದುದರಲ್ಲಿಯೂ ಇದೇ ಹಿತಚಿಂತನೆಯಿತ್ತು.