ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಸರಿಯಾದ ಇಂಗ್ಲಿಷ್ ವಾಕ್ಯವನ್ನು ಆರಿಸುವುದು



ಕಳೆದ ವರ್ಷದ ಸಭೆಯಲ್ಲಿ ದಾನಿಯೊಬ್ಬರು ಕೇಳಿದ್ದರು: "ಮೇಷ್ಟ್ರೇ, ಮಕ್ಕಳ ಕೋಚಿಂಗ್ ಫೀಸಿಗೆ ದುಡ್ಡು ಕೊಡ್ತಾ ಇದ್ದೀವಿ. ಲೆಕ್ಕದಲ್ಲಿ, ರೀಸನಿಂಗ್‌ನಲ್ಲಿ ಅಂಕ ತೆಗೀತಾರೆ. ಇಂಗ್ಲಿಷ್‌ನಲ್ಲಿ ಮಾತ್ರ ಯಾಕೆ ಬೀಳ್ತಾರೆ? ಇವರಲ್ಲಿ ಎಷ್ಟೋ ಜನ ಇಂಗ್ಲಿಷ್ ಮೀಡಿಯಂನವರೇ ಅಲ್ಲವಾ?" ಆಗ ಚಹಾ ಬಂತು, ಮಾತು ಬೇರೆ ಕಡೆ ಹೋಯಿತು. ಆ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಮನೆಯಲ್ಲಿ ಕನ್ನಡ ಓದಬಲ್ಲ ತಾಯಂದಿರು ಮಕ್ಕಳಿಗೆ ಓದಿ ಹೇಳಿ, ಉತ್ತರ ಕೇಳಲಿ ಎಂಬುದೇ ಕಾರಣ.

ಮೊದಲು ಪರೀಕ್ಷೆಯ ವಿಷಯ. ಪಿಯುಸಿ ಮುಗಿಸಿದವರಿಗೆ ಸಿಬ್ಬಂದಿ ಆಯ್ಕೆ ಆಯೋಗ ನಡೆಸುವ ಸಿಎಚ್‌ಎಸ್‌ಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಒಟ್ಟು 100 ಪ್ರಶ್ನೆ, 200 ಅಂಕ, 60 ನಿಮಿಷ. ಅದರಲ್ಲಿ ಇಂಗ್ಲಿಷ್ 25 ಪ್ರಶ್ನೆ, 50 ಅಂಕ. ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಈ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸಲು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು, ಅದರಲ್ಲಿ ಕನ್ನಡವೂ ಇದೆ. ನಮ್ಮ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ, ಹಾಗಾಗಿ ಸೋಲು ಗೆಲುವು ಅಲ್ಲಿಗೇ ಬಂದು ನಿಲ್ಲುತ್ತದೆ. ಐಬಿಪಿಎಸ್ ನಡೆಸುವ ಬ್ಯಾಂಕ್ ಗುಮಾಸ್ತರ ಪೂರ್ವಭಾವಿ ಪರೀಕ್ಷೆಯೂ ಹೀಗೆಯೇ: ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. ಈ ಪರೀಕ್ಷೆಗಳಲ್ಲಿ ಪ್ರಬಂಧ ಬರೆಯುವುದಿಲ್ಲ. ಒಂದು ವಾಕ್ಯವನ್ನು ತುಂಡು ಮಾಡಿ ತಪ್ಪು ಯಾವ ತುಂಡಿನಲ್ಲಿದೆ ಎಂದೋ, ನಾಲ್ಕು ರೂಪಗಳಲ್ಲಿ ಯಾವುದು ಸರಿ ಎಂದೋ ಕೇಳುತ್ತಾರೆ.

ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗಿ. ತಂದೆ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ಕೆಲಸಕ್ಕೆ ಹೋಗುವವರು. ಕೆಲವೇ ಅಂಕಗಳಲ್ಲಿ ಅವಳಿಗೆ ಅವಕಾಶ ತಪ್ಪಿತು. ತಾನು ಗುರುತಿಸಿದ ಉತ್ತರಗಳ ಪ್ರತಿಯನ್ನು ಮೊಬೈಲಿನಲ್ಲಿ ತೆಗೆದು ನನ್ನ ಮುಂದೆ ಹಿಡಿದಳು. 25ಕ್ಕೆ 25 ಪ್ರಶ್ನೆಗೂ ಉತ್ತರ ಹಾಕಿದ್ದಳು. 13 ಸರಿ, 12 ತಪ್ಪು. 26 ಅಂಕ ಬಂದದ್ದರಲ್ಲಿ 6 ಹೋಗಿ 20 ಉಳಿಯಿತು. "ಇದನ್ನ ಯಾಕಮ್ಮ ಹಾಕಿದೆ?" ಅಂದೆ. "ಓದಿದಾಗ ಸರಿ ಅನ್ನಿಸ್ತು ಸರ್. ನೀವೇ ಹೇಳಿದ್ರಲ್ಲ, ಮನಸ್ಸಿನಲ್ಲೇ ಓದಿ ನೋಡು, ಕಿವಿಗೆ ಯಾವುದು ಸರಿ ಕೇಳುತ್ತೋ ಅದನ್ನ ಹಾಕು ಅಂತ."

ನಿಜ, ನಾನೇ ಹೇಳಿದ್ದೆ. ಮೂವತ್ತು ವರ್ಷ ತರಗತಿಯಲ್ಲಿ ಅದನ್ನೇ ಹೇಳಿದ್ದೆ. ಆ ಹನ್ನೆರಡು ತಪ್ಪುಗಳನ್ನು ಅವಳ ಜೊತೆ ಒಂದೊಂದಾಗಿ ನೋಡುತ್ತಾ ಹೋದಾಗ ನನ್ನ ಪಾಠದ ತಪ್ಪು ನನಗೆ ಕಾಣಿಸಿತು. ಕಿವಿಯನ್ನು ನಂಬು ಎನ್ನುವ ಮಾತು ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಗುವಿಗೆ ಸರಿ. ನಮ್ಮ ಮಗುವಿನ ಕಿವಿ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಕೇಳಿ ತಯಾರಾದದ್ದು. ಇಂಗ್ಲಿಷ್ ಮೀಡಿಯಂಗೆ ಹಾಕಿದರೂ ಅಲ್ಲಿ ಕಲಿಸುವ ನಮ್ಮಂಥವರ ಕಿವಿಯೂ ಅದೇ. ದಾನಿಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಪ್ರಶ್ನೆಪತ್ರಿಕೆ ಮಾಡುವವರಿಗೂ ಇದು ಗೊತ್ತು. ಕಿವಿಗೆ ಹಿತವಾಗಿ ಕೇಳುವ ತಪ್ಪನ್ನೇ ಅವರು ಆಯ್ಕೆಗಳ ನಡುವೆ ಇಟ್ಟಿರುತ್ತಾರೆ. ಆದ್ದರಿಂದ ಕಿವಿಯನ್ನು ನಂಬಿದವರಿಗೆ ಕೆಲವು ಸಲ ಕಣ್ಣು ಮುಚ್ಚಿ ಗುರುತು ಹಾಕಿದವರಿಗಿಂತಲೂ ಕಡಿಮೆ ಅಂಕ ಬರುತ್ತದೆ.

ಉದಾಹರಣೆಗೆ ಈ ವಾಕ್ಯ: "ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್." ನಮ್ಮ ಊರಲ್ಲಿ ಇದನ್ನು ತಪ್ಪು ಎನ್ನುವವರು ಕಡಿಮೆ. ಕನ್ನಡದಲ್ಲಿ "ಹತ್ತು ವರ್ಷದಿಂದ ಇಲ್ಲಿದ್ದೇನೆ" ಎನ್ನುತ್ತೇವೆ, "2015ರಿಂದ ಇಲ್ಲಿದ್ದೇನೆ" ಎಂದೂ ಎನ್ನುತ್ತೇವೆ. ಎರಡಕ್ಕೂ "ಇಂದ" ಒಂದೇ. ಉರ್ದುವಿನಲ್ಲೂ "ದಸ್ ಸಾಲ್ ಸೆ", ಎರಡಕ್ಕೂ "ಸೆ" ಒಂದೇ. ಇಂಗ್ಲಿಷಿನಲ್ಲಿ ಅದು ಎರಡು ಪದ. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಆರಂಭಕ್ಕೆ "ಸಿನ್ಸ್": ಸಿನ್ಸ್ 2015, ಸಿನ್ಸ್ ಮಂಡೇ. ಬೆರಳು ಮಡಚಿ ಎಣಿಸುವ ಅವಧಿಗೆ "ಫಾರ್": ಫಾರ್ ಟೆನ್ ಇಯರ್ಸ್, ಫಾರ್ ಟೂ ಅವರ್ಸ್. ಇನ್ನೊಂದು ತಪ್ಪು ಕ್ರಿಯಾಪದದಲ್ಲಿದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ನಮಗೆ "ಇದ್ದೇನೆ" ಸಾಕು, ಇಂಗ್ಲಿಷಿಗೆ "ಹ್ಯಾವ್ ಬೀನ್" ಬೇಕು. ಸರಿಯಾದ ವಾಕ್ಯ "ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್." "ಸಿನ್ಸ್ ದ ಲಾಸ್ಟ್ ಟೂ ಇಯರ್ಸ್" ಎಂದು ಕೊಟ್ಟರೆ ಇನ್ನೂ ಹುಷಾರಾಗಿರಬೇಕು. ಅದು ಎಣಿಸುವ ಅವಧಿ, ಅಲ್ಲೂ "ಫಾರ್" ಆಗಬೇಕು.

"ಡಿಸ್ಕಸ್ ಅಬೌಟ್" ಕೂಡ ಇದೇ ಜಾತಿ. ನಾವು ಒಂದು ವಿಷಯದ "ಬಗ್ಗೆ" ಚರ್ಚಿಸುತ್ತೇವೆ. ಇಂಗ್ಲಿಷಿನ "ಡಿಸ್ಕಸ್" ಎಂಬ ಪದದ ಹೊಟ್ಟೆಯೊಳಗೇ "ಬಗ್ಗೆ" ಇದೆ, ಮತ್ತೆ ಹಾಕಬಾರದು. "ದೋ ಹಿ ವಾಸ್ ಇಲ್, ಬಟ್ ಹಿ ಕೇಮ್" ಎನ್ನುವುದಕ್ಕೆ ಮೂಲ ಉರ್ದುವಿನ "ಅಗರ್ಚೆ, ಲೇಕಿನ್" ಜೋಡಿ. ಇಂಗ್ಲಿಷ್ ಎರಡರಲ್ಲಿ ಒಂದನ್ನು ಮಾತ್ರ ಒಪ್ಪುತ್ತದೆ. "ಮ್ಯಾರೀಡ್ ವಿತ್" ಬಂದದ್ದು "ಜೊತೆ ಮದುವೆ"ಯಿಂದ, ಅಲ್ಲಿ "ಟು" ಆಗಬೇಕು.

ಹಾಗೆಂದು ಮನೆಮಾತು ಶತ್ರು ಎಂದು ಯಾರೂ ತಿಳಿಯಬೇಡಿ. ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಮಕ್ಕಳನ್ನು ಗದರಿಸುವ ತಂದೆಯರನ್ನು ನೋಡಿದ್ದೇನೆ. ಅದು ಬೇಡ. ತಿಳಿದು ಬಳಸಿದರೆ ಕನ್ನಡ ಎಷ್ಟೋ ಕಡೆ ಕೈ ಹಿಡಿಯುತ್ತದೆ. "ಹಿ ಡಿಡ್ ನಾಟ್ ವೆಂಟ್" ಎಂದು ಪದವಿ ಓದಿದವರೂ ಹೇಳುತ್ತಾರೆ. ನಾನು ಕೇಳುತ್ತೇನೆ: ಹೋದ, ಇದರ ವಿರುದ್ಧ ಏನು? "ಹೋಗಲಿಲ್ಲ." "ಹೋದಲಿಲ್ಲ" ಅನ್ನುತ್ತೀರಾ? ಮಕ್ಕಳು ನಗುತ್ತಾರೆ. ಬಂದ, ಬರಲಿಲ್ಲ. ತಿಂದ, ತಿನ್ನಲಿಲ್ಲ. ಕನ್ನಡದಲ್ಲಿ "ಇಲ್ಲ" ಸೇರಿದ ಕೂಡಲೇ ಕ್ರಿಯಾಪದ ತನ್ನ ಭೂತಕಾಲದ ರೂಪ ಬಿಡುತ್ತದೆ. ಇಂಗ್ಲಿಷಿನಲ್ಲೂ "ಡಿಡ್" ಬಂದರೆ "ವೆಂಟ್" ಹೋಗಿ "ಗೋ" ಆಗುತ್ತದೆ. ಹಾಗೆಯೇ "ಇಫ್ ಇಟ್ ವಿಲ್ ರೇನ್ ಟುಮಾರೋ". ಉರ್ದು ಮಾತಿನಲ್ಲಿ "ಅಗರ್ ಬಾರಿಶ್ ಹೋಗಿ ತೊ" ಎನ್ನುವುದುಂಟು, ಅದು ದಾರಿ ತಪ್ಪಿಸುತ್ತದೆ. ಕನ್ನಡದ "ಮಳೆ ಬಂದರೆ" ನೋಡಿ, ಅದರಲ್ಲಿ ಭವಿಷ್ಯತ್ಕಾಲ ಎಲ್ಲಿದೆ? ಇಂಗ್ಲಿಷಿನಲ್ಲೂ "ಇಫ್ ಇಟ್ ರೇನ್ಸ್", "ವಿಲ್" ಮುಂದಿನ ಭಾಗಕ್ಕೆ ಮಾತ್ರ. "ಒನ್ ಆಫ್ ಮೈ ಬ್ರದರ್" ಎಂದು ಬರೆಯುವ ಹುಡುಗ "ಅಣ್ಣನಲ್ಲಿ ಒಬ್ಬ" ಎನ್ನುವುದಿಲ್ಲ, "ಅಣ್ಣಂದಿರಲ್ಲಿ ಒಬ್ಬ" ಎನ್ನುತ್ತಾನೆ. ಹಾಗಾದರೆ "ಬ್ರದರ್ಸ್" ಆಗಬೇಕು. ಕೆಲಸ ಮಾಡುವವನು ಒಬ್ಬ, ಆದ್ದರಿಂದ "ವರ್ಕ್ಸ್".

ಈ "ವರ್ಕ್" ಮತ್ತು "ವರ್ಕ್ಸ್" ವಿಷಯವೇ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವುದು. ನನಗೆ ಒಮ್ಮೊಮ್ಮೆ ಆಶ್ಚರ್ಯವಾಗುತ್ತದೆ. ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಎಂದು ಲಿಂಗ, ವಚನ, ಗೌರವ ಎಲ್ಲವನ್ನೂ ಕ್ರಿಯಾಪದದ ತುದಿಯಲ್ಲಿ ತಪ್ಪದೆ ಹೇಳುವ ಮಗು ಇಂಗ್ಲಿಷಿನ ಒಂದು "ಎಸ್" ಅಕ್ಷರದ ಮುಂದೆ ಎಡವುತ್ತದೆ. ಕಾರಣ, ಪ್ರಶ್ನೆಯಲ್ಲಿ ಕರ್ತೃಪದವನ್ನೂ ಕ್ರಿಯಾಪದವನ್ನೂ ದೂರ ಇಟ್ಟಿರುತ್ತಾರೆ. "ದ ಕ್ವಾಲಿಟಿ ಆಫ್ ದ ಲೀವ್ಸ್ ಡಿಪೆಂಡ್ ಆನ್ ದ ರೇನ್." ಕ್ರಿಯಾಪದದ ಪಕ್ಕದಲ್ಲಿ "ಲೀವ್ಸ್" ಇದೆ, ಬಹುವಚನ, ಅದಕ್ಕೆ "ಡಿಪೆಂಡ್" ಕಿವಿಗೆ ಒಪ್ಪುತ್ತದೆ. ಮಳೆಯನ್ನು ಅವಲಂಬಿಸಿರುವುದು ಏನು? ಎಲೆಗಳಲ್ಲ, ಎಲೆಗಳ ಗುಣಮಟ್ಟ. "ಆಫ್ ದ ಲೀವ್ಸ್" ಎಂಬ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ, "ಕ್ವಾಲಿಟಿ ಡಿಪೆಂಡ್ಸ್" ಎಂದು ತಾನಾಗಿ ಬರುತ್ತದೆ. ಕಂಪ್ಯೂಟರ್ ಪರದೆಯ ಮೇಲೂ ಬೆರಳು ಇಡಬಹುದು, ಯಾರೂ ಬೈಯುವುದಿಲ್ಲ. ನನ್ನ ಭಾನುವಾರದ ಮಕ್ಕಳಿಗೆ ಈಗ ಇಷ್ಟೇ ನಿಯಮ: ಮೊದಲು ಕ್ರಿಯಾಪದ ಹುಡುಕಿ, ಆಮೇಲೆ "ಯಾರು, ಏನು" ಎಂದು ಕೇಳಿ ಕರ್ತೃಪದ ಹುಡುಕಿ, ನಡುವಿನದನ್ನು ಮುಚ್ಚಿ, ಕಾಲ ನೋಡಿ. ಇಷ್ಟೆಲ್ಲ ಆಗುವವರೆಗೆ ಮೌಸ್ ಮುಟ್ಟಬೇಡಿ.

ಬೆರಳು ಮುಚ್ಚುವ ಉಪಾಯ ಕೈಕೊಡುವ ಒಂದು ಜಾಗವಿದೆ. "ದ ನಂಬರ್ ಆಫ್ ಚಿಲ್ಡ್ರನ್" ಎಂದರೆ ಮಕ್ಕಳ ಸಂಖ್ಯೆ, ಅದು ಏಕವಚನ, "ಈಸ್". "ಎ ನಂಬರ್ ಆಫ್ ಚಿಲ್ಡ್ರನ್" ಎಂದರೆ ಹಲವು ಮಕ್ಕಳು, ಅದಕ್ಕೆ "ಆರ್". ಇದನ್ನು ಬಾಯಿಪಾಠ ಮಾಡಿಬಿಡುವುದೇ ಸುಲಭ.

"ನೋ ಎರರ್" ಎಂಬ ಆಯ್ಕೆಯ ಬಗ್ಗೆಯೂ ಹೇಳಬೇಕು. ತಪ್ಪು ಹುಡುಕಲು ಕೂತ ಮಗುವಿಗೆ ಎಲ್ಲ ಕಡೆ ತಪ್ಪೇ ಕಾಣುತ್ತದೆ. ಕಾರಣ ಹೇಳಲು ಬಂದರೆ ಮಾತ್ರ ಅದು ತಪ್ಪು. ಪರಿಶೀಲಿಸಿ ಏನೂ ಸಿಗದಿದ್ದರೆ ಧೈರ್ಯವಾಗಿ "ನೋ ಎರರ್" ಒತ್ತಬೇಕು. ಆ ಹುಡುಗಿಯ ಹನ್ನೆರಡರಲ್ಲಿ ಮೂರು ಇಂಥವೇ.

ಬೈಲಕುಪ್ಪೆಯ ಪೇಟೆಯಲ್ಲಿ ಟಿಬೆಟಿನ ಅಂಗಡಿಯವರು ಕನ್ನಡ ಮಾತಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಲಿಂಗ, ವಚನ ಆಚೀಚೆ ಆದರೂ ವ್ಯಾಪಾರ ನಡೆಯುತ್ತದೆ, ಸ್ನೇಹವೂ ಆಗುತ್ತದೆ, ಯಾರೂ ಅರ್ಧ ಅಂಕ ಕಡಿಯುವುದಿಲ್ಲ. ಮಾತಾಡುವ ಇಂಗ್ಲಿಷಿಗೂ ಅದೇ ನ್ಯಾಯ. "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಎಂದರೆ ಅರ್ಥವಾಗದವರು ಯಾರು? ಮಕ್ಕಳು ತಪ್ಪುತಪ್ಪಾಗಿಯೇ ಆಗಲಿ, ಮಾತಾಡಲಿ, ತಡೆಯಬೇಡಿ. ಪರೀಕ್ಷೆಯ ಒಂದು ಗಂಟೆ ಮಾತ್ರ ಬೇರೆ.

ಈ ವರ್ಷ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ ನೆರವು ಕೇಳುವವರು ಅರ್ಜಿಯ ಜೊತೆ ಒಂದು ನೋಟ್‌ಬುಕ್ ತರಬೇಕೆಂದು ಟ್ರಸ್ಟಿನವರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ದಿನಕ್ಕೆ ಐದು ವಾಕ್ಯ ಸಾಕು. ಪ್ರತಿ ವಾಕ್ಯದ ಕೆಳಗೆ ಯಾಕೆ ತಪ್ಪು, ಯಾಕೆ ಸರಿ ಎಂದು ಒಂದು ಸಾಲು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿರಬೇಕು. ಉತ್ತರ ಮಾತ್ರ ಗುರುತು ಮಾಡಿದ ಪುಸ್ತಕವನ್ನು ನಾನು ನೋಡುವುದಿಲ್ಲ. ಆ ಹುಡುಗಿ ಹೀಗೆ ಎರಡು ಪುಸ್ತಕ ತುಂಬಿಸಿದ್ದಾಳೆ, ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದಾಳೆ.

ಮನೆಯಲ್ಲಿ ಕೇಳಲು ಐದು ವಾಕ್ಯ ಕೊಡುತ್ತೇನೆ. ತಾಯಂದಿರು ಓದಲಿ, ಮಕ್ಕಳು ಕಾರಣ ಸಹಿತ ಹೇಳಲಿ.

1. ದ ಪ್ರೈಸ್ ಆಫ್ ವೆಜಿಟಬಲ್ಸ್ ಹ್ಯಾವ್ ಗಾನ್ ಅಪ್.
2. ಶಿ ಈಸ್ ಟೀಚಿಂಗ್ ಇನ್ ದಿಸ್ ಸ್ಕೂಲ್ ಸಿನ್ಸ್ ಸಿಕ್ಸ್ ಇಯರ್ಸ್.
3. ಇಫ್ ದ ಬಸ್ ವಿಲ್ ಕಮ್ ಲೇಟ್, ವಿ ವಿಲ್ ವಾಕ್.
4. ಒನ್ ಆಫ್ ದ ಸ್ಟೂಡೆಂಟ್ ಹ್ಯಾಸ್ ಲಾಸ್ಟ್ ಹಿಸ್ ಹಾಲ್ ಟಿಕೆಟ್.
5. ದ ನಂಬರ್ ಆಫ್ ಅಪ್ಲಿಕೇಶನ್ಸ್ ಹ್ಯಾಸ್ ಇನ್‌ಕ್ರೀಸ್ಡ್ ಸಿನ್ಸ್ ಮಾರ್ಚ್.

ಮೊದಲನೆಯದರಲ್ಲಿ ಏರಿದ್ದು ಬೆಲೆ, ಆದ್ದರಿಂದ "ಹ್ಯಾಸ್". ಎರಡನೆಯದರಲ್ಲಿ ಎರಡು ತಪ್ಪು: "ಹ್ಯಾಸ್ ಬೀನ್ ಟೀಚಿಂಗ್", "ಫಾರ್ ಸಿಕ್ಸ್ ಇಯರ್ಸ್" ಆಗಬೇಕು. ಮೂರನೆಯದಕ್ಕೆ "ಬಸ್ ಬಂದರೆ" ನೆನಪಿಸಿಕೊಳ್ಳಿ, "ಕಮ್ಸ್". ನಾಲ್ಕನೆಯದು "ವಿದ್ಯಾರ್ಥಿಗಳಲ್ಲಿ ಒಬ್ಬ", ಹಾಗಾಗಿ "ಸ್ಟೂಡೆಂಟ್ಸ್". ಐದನೆಯದರಲ್ಲಿ ತಪ್ಪಿಲ್ಲ.